ಮಾತಿಗಿಂತ ಮೊದಲು ಏರುವ ಗೆರೆ

ನೀಲಾಂಬಿಕಾಗೆ ಲಕ್ವಾ ಹೊಡೆದದ್ದು ಫೋನಿನಲ್ಲಿ ಮಾತಾಡುತ್ತಿದ್ದಾಗ.

ಹುಬ್ಬಳ್ಳಿಯ ವಿದ್ಯುತ್ ನಿಯಂತ್ರಣ ಕೊಠಡಿಯಲ್ಲಿ ಅವಳದು ಬೆಳಗಿನ ಪಾಳಿ. ಎದುರಿನ ಗೋಡೆಯಷ್ಟಗಲದ ಪರದೆಯ ಮೇಲೆ ಸುತ್ತಲಿನ ಜಿಲ್ಲೆಗಳ ಬೇಡಿಕೆಯೆಲ್ಲ ಒಂದು ಹಸಿರು ಗೆರೆಯಾಗಿ ಓಡುತ್ತಿತ್ತು. ಮನೆಮನೆಯಲ್ಲಿ ಚಾರ್ಜಿಗೆ ನಿಂತ ಕಾರುಗಳು ಒಂದೊಂದಾಗಿ ರಸ್ತೆಗಿಳಿಯುವ ಹೊತ್ತು. ಗೀಜರುಗಳು ಹತ್ತಿಕೊಂಡಿವೆ, ಬಿಸಿಲು ಮಾತ್ರ ಇನ್ನೂ ಸೋಲಾರ್ ಹಲಗೆಗಳ ಮೇಲೆ ನೆಟ್ಟಗೆ ಬಿದ್ದಿಲ್ಲ. ಇಂಥ ಹೊತ್ತಿನಲ್ಲಿ ಗೆರೆ ಎತ್ತ ಹೊರಳುತ್ತದೆಂದು ಪರದೆಗಿಂತ ಮುಂಚೆ ನೀಲಾ ಮೇಡಂಗೆ ಗೊತ್ತಾಗುತ್ತದೆ ಎಂದು ಜೊತೆಯವರು ನಗೆಯಾಡುತ್ತಿದ್ದರು. ಅವಳು ಫೋನೆತ್ತಿ ಜಲವಿದ್ಯುತ್ ಕೇಂದ್ರದ ಇಂಜಿನಿಯರನಿಗೆ "ಐವತ್ತು ಮೆಗಾವ್ಯಾಟ್ ಏರಿಸ್ರಿ" ಎನ್ನಲು ಬಾಯಿ ತೆರೆದಳು.

"ಚಾದರ," ಎಂದಿತು ಅವಳ ಬಾಯಿ.

ಆ ಕಡೆಯವನು ನಕ್ಕ. "ಏನಂದ್ರಿ ಮೇಡಂ? ಥಂಡಿ ಐತೇನ್ ಅಲ್ಲೆ?"

"ಚಾದರ. ಚಾ... ಚಾದರ."

ಕೈಯಲ್ಲಿದ್ದ ರಿಸೀವರ್ ಜಾರಿ ಮೇಜಿನ ಅಂಚಿಗೆ ಬಡಿದು ನೇತಾಡತೊಡಗಿತು. ಬಲಗೈ ತನ್ನದಲ್ಲ ಅನ್ನಿಸಿತು. ಹೆದರಿಕೆಗಿಂತ ಮೊದಲು ಅವಳಿಗೆ ಬಂದದ್ದು ಆಶ್ಚರ್ಯ. ಐವತ್ತು ಎಂಬ ಪದ ತಲೆಯೊಳಗೆ ಸ್ವಚ್ಛವಾಗಿ ಕಾಣುತ್ತಿದೆ, ಅದನ್ನು ಹೊರಗೆ ತರುವ ದಾರಿ ಮಾತ್ರ ಎಲ್ಲಿ ಹೋಯಿತು? ಹಿಂದಿನ ವಾರ ಎಡಗಣ್ಣಿನ ಮುಂದೆ ಪರದೆ ಇಳಿದಂತಾಗಿ, ಸ್ವಲ್ಪ ಹೊತ್ತಿಗೆ ತಾನೇ ಸರಿಹೋಗಿತ್ತು. ಕನ್ನಡಕ ಬದಲಿಸಬೇಕು ಅಂದುಕೊಂಡು ಸುಮ್ಮನಾಗಿದ್ದಳು. ಈಗ ಅದು ನೆನಪಾಯಿತು. ಪಕ್ಕದ ಮೇಜಿನವರು ಓಡಿ ಬಂದರು.

ಆಸ್ಪತ್ರೆಯಲ್ಲಿ ಡಾಕ್ಟರ್ ಹೆಬಸೂರ ಅವಳ ಗಂಡ ಮೃತ್ಯುಂಜಯನಿಗೆ ಹೇಳುತ್ತಿದ್ದುದೆಲ್ಲ ಅವಳ ಕಿವಿಗೂ ಬೀಳುತ್ತಿತ್ತು.

"ಕುತ್ತಿಗಿ ಎಡಗಡೆ, ಮೆದುಳಿಗೆ ರಕ್ತ ಒಯ್ಯೋ ದೊಡ್ಡ ನಾಳ ಐತಲ್ರೀ, ಅದರೊಳಗ ಕೊಬ್ಬು ಕಟ್ಟಿ ದಾರಿ ಸಣ್ಣಾಗೈತಿ. ಅಲ್ಲಿಂದ ಒಂದು ಹೆಪ್ಪು ಕಿತ್ಗೊಂಡು ಮ್ಯಾಲೆ ಹೋಗಿ ಸಿಕ್ಕೊಂಡೈತಿ. ತೊಡಿಯಿಂದ ಸಣ್ಣ ತಂತಿ ತೂರಿಸಿ ಹೆಪ್ಪು ಹೊರಗ ತೆಗೀತೀವಿ, ಸಣ್ಣಾದ ಜಾಗಾದಾಗ ಸ್ಟೆಂಟ್ ಕೂಡಸ್ತೀವಿ. ಹೊತ್ತು ಕಳಿಯೂ ಹಂಗಿಲ್ಲ."

"ಸ್ಟೆಂಟ್ ಎದಿಯೊಳಗ ಹಾಕ್ತಾರಲ್ರೀ?"

"ಕುತ್ತಿಗಿಗೂ ಹಾಕ್ತೀವಿ. ಹೊಸಾ ನಮೂನಿ ಒಂದೈತಿ. ದಾರಿ ಮತ್ತ ಸಣ್ಣಾಗಾಕ ಹತ್ತಿದ್ರ ತಾನ ತಿಳಸ್ತೈತಿ. ಅದನ್ನ ಹಾಕೂನೇನು?"

ಮೃತ್ಯುಂಜಯ ಹೂಂ ಅಂದ. ಕಾಲೇಜಿನಲ್ಲಿ ಇತಿಹಾಸ ಹೇಳುವವನು, ಊರಿನ ಅರ್ಧ ಸಮಾರಂಭಗಳಿಗೆ ನಿರೂಪಕ. ಮೈಕು ಕೈಗೆ ಬಂದರೆ ಮುಖ್ಯ ಅತಿಥಿ ಬರುವುದು ಎಷ್ಟೇ ತಡವಾದರೂ ಸಭೆಯನ್ನು ಹಿಡಿದು ಕೂರಿಸುವವನು. ಅವನ ಬಾಯಿಂದ ಆವತ್ತು ಹೊರಬಂದದ್ದು ಅದೊಂದೇ ಹೂಂ.

ಆ ಸ್ಟೆಂಟ್ ನೋಡಲು ಬಲೆಯ ಕೊಳವೆ. ಅದರ ಕೆಲವು ಎಳೆಗಳಿಗೆ ಒಂದು ತೆಳು ಲೇಪ. ನಾಳದ ಗೋಡೆ ಒಮ್ಮೆ ಮಿಡಿದರೆ ಆ ಲೇಪದಲ್ಲಿ ಚೂರು ವಿದ್ಯುತ್ ಹುಟ್ಟುತ್ತದೆ. ರಕ್ತ ಹೆಚ್ಚು ಹರಿದರೆ ಹೆಚ್ಚು, ಕಡಿಮೆ ಹರಿದರೆ ಕಡಿಮೆ. ಕಿವಿಯ ಹಿಂದೆ ಅಂಟಿಸಿದ ಪಟ್ಟಿಯೊಂದು ಅದನ್ನು ಹಿಡಿದು ಫೋನಿಗೆ ಕಳಿಸುತ್ತದೆ. ಮಾಡಿದವರ ಉದ್ದೇಶ ಅಷ್ಟೇ ಇತ್ತು.

ಹೆಪ್ಪು ಹೊರಬಂತು, ಸ್ಟೆಂಟ್ ಕೂತಿತು. ರಕ್ತ ತೆಳುವಾಗಿಸುವ ಗುಳಿಗೆಗಳು, ರಕ್ತದೊತ್ತಡದ ಮೇಲೆ ಕಣ್ಣಿಟ್ಟ ನರ್ಸುಗಳು. ಕಾಲು ಬೇಗ ಮಾತು ಕೇಳಿತು. ಬಲಗೈ ತಡವಾಗಿ, ಮುನಿಸಿಕೊಂಡ ನೆಂಟರ ಹಾಗೆ, ಒಂದೊಂದೇ ಬೆರಳು ಒಪ್ಪಿಕೊಂಡಿತು. ಮಾತು ಮಾತ್ರ ಬರಲಿಲ್ಲ. ಯಾರು ಏನಂದರೂ ಅವಳಿಗೆ ಪೂರ್ತಿ ತಿಳಿಯುತ್ತಿತ್ತು. ಉತ್ತರಕ್ಕೆ ಬಾಯಿ ತೆರೆದರೆ ಮೌನ, ಇಲ್ಲವೇ ಎಲ್ಲಿಂದಲೋ ಬಂದ ಬೇರೆ ಪದ. ಬರೆಯಹೋದರೂ ಪದಗಳು ಹಾಗೆಯೇ ತಪ್ಪುತ್ತಿದ್ದವು, ಅಂಕಿಗಳು ಮಾತ್ರ ಸರಿಯಾಗಿ ಬರುತ್ತಿದ್ದವು. ನೀರು ಬೇಕಾದಾಗ "ಶರಾವತಿ" ಎಂದಳು. ನರ್ಸು ಯಾರನ್ನೋ ಕರೆಯುತ್ತಿದ್ದಾಳೆಂದು ಬಾಗಿಲ ಕಡೆ ನೋಡಿದಳು. ಮೃತ್ಯುಂಜಯನಿಗೆ ಅರ್ಥವಾಗಿ, ಕಣ್ಣೀರು ಒರೆಸಿಕೊಳ್ಳುತ್ತಲೇ ನಕ್ಕು, ಲೋಟ ತಂದು ಹಿಡಿದ.

ಫರ್ಹಾನಾ ಮುಲ್ಲಾ ಬಂದದ್ದು ಮನೆಗೆ ಹೋಗುವ ಮುಂಚಿನ ದಿನ. ಇಂಜಿನಿಯರಿಂಗ್ ಕಾಲೇಜೊಂದರ ಪ್ರಯೋಗಾಲಯದಲ್ಲಿ ಈ ಸ್ಟೆಂಟಿನ ಸಂಕೇತಗಳನ್ನು ಓದುವುದು ಅವಳ ಕೆಲಸ. ಮೂವತ್ತು ದಾಟಿರಬಹುದು. ಚೂಡಿದಾರದ ಮೇಲೆ ಮಾಸಿದ ಬಿಳಿ ಕೋಟು, ಒಂದು ಪ್ರಶ್ನೆ ಮುಗಿಯುವುದರೊಳಗೆ ಮುಂದಿನದನ್ನು ಶುರುಮಾಡುವ ಚಟ.

"ಅಕ್ಕಾರ, ನಿಮಗೊಂದು ತೋರಸ್ಬೇಕ್ರಿ," ಎನ್ನುತ್ತ ಟ್ಯಾಬ್ ಮುಂದಿಟ್ಟಳು. "ಇದು ನಿಮ್ಮ ಸ್ಟೆಂಟಿನ ದಿನದ ಗೆರಿ. ಎಲ್ಲಾ ಸಪಾಟ ಐತಿ. ಆದ್ರ ಇಲ್ಲೆ, ಇಲ್ಲೆ, ಮತ್ತಿಲ್ಲೆ ಏರೈತಿ. ಮೊದಲ ನಾ ಪಟ್ಟಿ ಸಡ್ಲ ಆಗಿರಬೇಕು ಅನ್ಕೊಂಡಿದ್ದೆ."

ನೀಲಾಂಬಿಕಾ ದಿಂಬಿನಿಂದ ಮೇಲೆದ್ದಳು. ಇಷ್ಟು ದಿನ ಎಲ್ಲರೂ ಅವಳಿಗೆ ಮಾವಿನಹಣ್ಣು, ಆಕಳು, ಕುರ್ಚಿಯ ಚಿತ್ರ ತೋರಿಸಿದ್ದರು. ಇದು ಅವಳಿಗೆ ಓದಲು ಬರುವ ಲಿಪಿ. ಸಪಾಟಾಗಿ ಬಂದು, ತಟ್ಟನೆ ಏರಿ, ತುದಿ ಮುಟ್ಟುವ ಮೊದಲೇ ಬಿದ್ದುಹೋಗುವ ಗೆರೆ. ಎಡಗೈ ಬೆರಳನ್ನು ಮೊದಲ ಏರಿನ ಮೇಲಿಟ್ಟಳು. ಆಮೇಲೆ ಆ ಬೆರಳನ್ನು ತನ್ನ ತುಟಿಗೆ ಒಯ್ದಳು.

ಫರ್ಹಾನಾಳ ಕಣ್ಣುಗಳು ಅರಳಿದವು. "ಹೌದ್ರಿ! ನಂಗೂ ಅದ ಅನಮಾನ. ಮಾತು ಎಡಗಡಿ ಮೆದುಳಿನ ಕೆಲಸ. ಅದು ಪದ ಹುಡುಕಾಕ ಹತ್ತಿದ ಕೂಡ್ಲೆ ಹೆಚ್ಚಿಗಿ ರಕ್ತ ಬೇಡ್ತೈತಿ. ನಿಮ್ಮ ಬಾಯಿ ಸುಮ್ಮನಿದ್ರೂ ಒಳಗ ಬೇಡಿಕಿ ಎದ್ದೈತಿ. ಅಂದ್ರ ನೀವು ಮಾತಾಡಾಕ ಹತ್ತೀರಿ, ನಮಗ ಕೇಳಸವಲ್ದು!"

ಬಲಗಿವಿಯ ಹಿಂದೆ, ಸ್ಟೆಂಟಿಲ್ಲದೆಯೂ ಚರ್ಮದ ಮೇಲಿಂದಲೇ ಹರಿವು ಅಳೆಯುವ ಬೇರೊಂದು ಪಟ್ಟಿ ಅಂಟಿಸಿ ಆ ಬದಿಯ ಹರಿವಿನೊಂದಿಗೆ ಹೋಲಿಸಿದಾಗ ಸಂಶಯ ಉಳಿಯಲಿಲ್ಲ. ಮೆಟ್ಟಿಲು ಹತ್ತಿದರೆ ಎರಡೂ ಗೆರೆ ಏರುತ್ತಿದ್ದವು. ಹೆಸರು ಹೇಳಲು ಹೊರಟರೆ ಎಡಗಡೆಯದು ಮಾತ್ರ.

ಆಮೇಲಿನ ವಾರಗಳಲ್ಲಿ ಪ್ರಯೋಗಾಲಯಕ್ಕೆ ಹೋಗುವುದೆಂದರೆ ನೀಲಾಂಬಿಕಾಗೆ ಪಾಳಿಗೆ ಹೋದಂತೆ. ಬೆಳಿಗ್ಗೆ ತಾನೇ ಸೀರೆಯ ನೆರಿಗೆ ಹಿಡಿಯಲು ಹಟ ಮಾಡುವಳು. ಗೆರೆಯೊಂದಿಗೆ ಅವಳು ಆಟವಾಡಿದಳು. ಕಣ್ಣು ಮುಚ್ಚಿ ಮಗ್ಗಿ ನೆನೆದಳು, ಗೆರೆ ಅಲುಗಿತು ಅಷ್ಟೇ. ಹಾಡೊಂದನ್ನು ಗುನುಗಿದಳು, ಬಲಗಡೆಯ ಗೆರೆ ಏರಿತು. ಫರ್ಹಾನಾ ಕುರ್ಚಿಯಿಂದ ಅರ್ಧ ಎದ್ದು "ಹಾಡು ಬಲಗಡಿಯಿಂದ ಬರ್ತೈತಿ! ಇನ್ನೊಂದ್ಸಲ ಹಾಡ್ರಿ" ಎಂದಳು. ಗಂಡನ ಹೆಸರು ಹೇಳಲು ಹೊರಟಾಗ ಎಡಗಡೆಯ ಗೆರೆ ಪರದೆಯ ಮೇಲಂಚಿಗೆ ಹೋಯಿತು, ಬಾಯಿಂದ ಬಂದದ್ದು ಬರೀ "ಮ್". ಮೃತ್ಯುಂಜಯ ಆ ಏರಿನ ಫೋಟೋ ತೆಗೆದುಕೊಂಡು ಕಾಲೇಜಿನವರಿಗೆಲ್ಲ ತೋರಿಸಿದ. "ನಮ್ಮ ಮನಿಯಾಕಿ ನನ್ನ ಹೆಸರು ಹೇಳಾಕತ್ತಾಳ ನೋಡ್ರಿ ಇಲ್ಲೆ."

ಮನೆಯಲ್ಲಿ ಅವನು ಅವಳ ಪಾಲಿನ ಮಾತನ್ನೂ ತಾನೇ ಆಡುತ್ತಿದ್ದ. ಅವಳು ಕಣ್ಣೆತ್ತಿದರೆ "ಚಾ ಬೇಕೇನು? ಹಾಂ, ಸಕ್ರಿ ಕಡಿಮಿ." ಅವಳು ತುಟಿ ಬಿಚ್ಚಿದರೆ "ಫ್ಯಾನ್ ಹಾಕ್ಲಿ? ಕಿಟಕಿ? ಕಿಟಕಿನ." ನೂರಕ್ಕೆ ಎಂಬತ್ತರಷ್ಟು ಸಲ ಸರಿಯಾಗಿಯೇ ಹೇಳುತ್ತಿದ್ದ. ನೋಡಲು ಬಂದವರ ಎದುರಿಗೂ ಹಾಗೆಯೇ. ಅವಳಿಗೆ ಕೇಳಿದ ಪ್ರಶ್ನೆ ಗಾಳಿಯಲ್ಲಿರುವಾಗಲೇ ಅವನು ಕ್ಯಾಚ್ ಹಿಡಿದು ಉತ್ತರ ಕೊಟ್ಟಿರುತ್ತಿದ್ದ. ಬಂದವರು ಅವನ ಪ್ರೀತಿಯನ್ನು ಮೆಚ್ಚಿಕೊಂಡು ಹೋಗುತ್ತಿದ್ದರು. ನೀಲಾಂಬಿಕಾಗೂ ಅದು ಪ್ರೀತಿಯೆಂದೇ ಗೊತ್ತಿತ್ತು. ಆದರೂ ಅವರು ಹೋದ ಮೇಲೆ ಬಹಳ ದಣಿವಾಗುತ್ತಿತ್ತು. ಏನೂ ಮಾತಾಡದೆ ಅಷ್ಟೊಂದು ದಣಿವು ಹೇಗೆ ಎಂದು ಅವಳಿಗೇ ತಿಳಿಯುತ್ತಿರಲಿಲ್ಲ.

ಅದೇ ಹೊತ್ತಿಗೆ ಫರ್ಹಾನಾ ಎರಡನೆಯ ಯಂತ್ರ ತಂದಳು. ಸೆರಗಿಗೆ ಪಿನ್ನಿನ ಹಾಗೆ ಚುಚ್ಚಿಕೊಳ್ಳುವ ಪುಟ್ಟ ಡಬ್ಬಿ.

"ಗೆರಿ ಏರಿದ್ರ ಅಕ್ಕಾರು ಮಾತಾಡಾಕ ಹೊಂಟಾರ ಅಂತ ಇದಕ್ಕ ತಿಳೀತೈತಿ. ಯಾವ ಪದ ಅಂತ ರಕ್ತ ನೋಡಿ ಹೇಳಾಕ ಬರಂಗಿಲ್ಲ. ಅದಕ್ಕ ಎದುರಿನವರ ಮಾತು ಕೇಳಿಸ್ಕೊಂಡು, ಇಂಥಾ ಹೊತ್ತಿನ್ಯಾಗ ಅಕ್ಕಾರು ಏನಂತಿದ್ರು ಅಂತ ಊಹಿಸಿ, ಅವರ ದನಿಯೊಳಗ ಹೇಳ್ತೈತಿ."

"ಆಕಿ ಏನಂತಿದ್ಲು ಅಂತ ಇದಕ್ಕ ಹೆಂಗ ಗೊತ್ತು?" ಮೃತ್ಯುಂಜಯ ಕೇಳಿದ.

"ಕಂಟ್ರೋಲ್ ರೂಮಿನ ಫೋನೆಲ್ಲಾ ರೆಕಾರ್ಡ್ ಆಗಿರ್ತಾವಲ್ರಿ. ಅಕ್ಕಾರು ಒಪ್ಪಿ ಸಹಿ ಮಾಡ್ಯಾರ, ಆಫೀಸಿನವ್ರೂ ಕೊಟ್ರು. ವರ್ಷಗಟ್ಟಲೆ ಮಾತು ಐತಿ."

ಮೃತ್ಯುಂಜಯ ಅದಕ್ಕೆ ಮಾತುಗಾರ ಎಂದು ಹೆಸರಿಟ್ಟ. ಮನೆಯಲ್ಲಿ ಈಗ ಇಬ್ಬರು ಮಾತುಗಾರರು ಎಂದು ತಾನೇ ನಕ್ಕ. ಮೊದಲ ಸಂಜೆ ಅವನು "ಊಟಕ್ಕ ಬಡಸ್ಲೇನು?" ಎಂದು ಕೇಳಿದಾಗ ಸೆರಗಿನಿಂದ ಅವಳ ದನಿ ಕೇಳಿಬಂತು: "ಹೂಂ, ಬಡಸ್ರಿ." ಲಕ್ವಾ ಹೊಡೆಯುವ ಮೊದಲಿನ ದನಿ, ಅದೇ ಆತುರ, ಅದೇ ಕೊನೆಯಲ್ಲಿ ಚೂರು ಎಳೆಯುವ ರೀತಿ. ಅವನ ಕೈಯ ಸೌಟು ಅಲ್ಲೇ ನಿಂತಿತು.

ನಗು ತರಿಸುವ ತಪ್ಪುಗಳೂ ಆದವು. ಒಲೆಯ ಮೇಲಿನ ಸಾರು ಉಕ್ಕುವಾಗ ಅವಳು ಗಾಬರಿಯಾಗಿ ಕೈ ಎತ್ತಿದರೆ, ಮಾತುಗಾರ ಗಂಭೀರವಾಗಿ "ಲೋಡ್ ಇಳಿಸ್ರಿ, ತಕ್ಷಣ ಇಳಿಸ್ರಿ" ಎಂದಿತು. ಮೃತ್ಯುಂಜಯ ಗ್ಯಾಸ್ ಆರಿಸಿ, ಹೊಟ್ಟೆ ಹಿಡಿದುಕೊಂಡು ನಕ್ಕ. ಅವಳೂ ನಕ್ಕಳು. ನೆರೆಹೊರೆಯವರು ನೀಲಕ್ಕ ಗುಣವಾದಳು ಎಂದರು. ಫರ್ಹಾನಾಳ ಕಾಲೇಜಿನಲ್ಲಿ ಇದನ್ನು ದೊಡ್ಡ ಸಭೆಯಲ್ಲಿ ತೋರಿಸುವ ಮಾತೂ ನಡೆಯಿತು.

ಒಂದು ಭಾನುವಾರ ಬೆಳಿಗ್ಗೆ ಅವಳ ಮೇಲಧಿಕಾರಿ ಕಟ್ಟೀಮನಿ ಮನೆಗೆ ಬಂದರು. ಒಳ್ಳೆಯ ಮನುಷ್ಯ. ಆಪಲ್ ಹಣ್ಣಿನ ಚೀಲವನ್ನು ಮೇಜಿನ ಮೇಲಿಟ್ಟು, ಕುರ್ಚಿಯ ತುದಿಗೆ ಕೂತು, ಮಾತು ಎಲ್ಲಿಂದ ಶುರುಮಾಡುವುದೆಂದು ಕನ್ನಡಕ ಒರೆಸಿದರು.

"ನೋಡ್ರಿ ನೀಲಾಂಬಿಕಾ, ಕಂಟ್ರೋಲ್ ರೂಮ್ ಅಂದ್ರ ಒತ್ತಡದ ಕೆಲಸ. ನಿಮ್ಮ ಯಜಮಾನ್ರ ಜೋಡಿನೂ ಮಾತಾಡೇನಿ. ಸ್ಟೋರ್ಸ್ ವಿಭಾಗದಾಗ ಒಂದು ಜಾಗಾ ಐತಿ. ಆರಾಮ್ ಕೂತು ಮಾಡೂದು. ಅಲ್ಲಿಗೆ ಹಾಕಿ ಬಿಡ್ಲೇನು? ನಿಮ್ಮ ಒಪ್ಪಿಗಿ ಇದ್ರ ನಾಳೀನ ಆರ್ಡರ್ ಮಾಡಸ್ತೀನಿ."

ನೀಲಾಂಬಿಕಾ ಗಂಡನ ಕಡೆ ನೋಡಿದಳು. ಅವನು ನೆಲ ನೋಡಿದ. ಸ್ಟೋರ್ಸ್. ತಂತಿ ಸುರುಳಿ, ಮೀಟರ್ ಪೆಟ್ಟಿಗೆಗಳ ನಡುವೆ. ಆ ಹಸಿರು ಗೆರೆ ಮತ್ತೆ ಎಂದೂ ಕಣ್ಣಿಗೆ ಬೀಳದ ಕಡೆ. ಅವಳೊಳಗೆ ಒಂದು ಪದ ಏಳತೊಡಗಿತು. ಅದರ ಮೊದಲಕ್ಷರಕ್ಕೆ ತುಟಿಗಳು ಒಂದಾದವು.

"ಆಗ್ಲಿ ಸರ್," ಎಂದಿತು ಸೆರಗು. "ಹಂಗ ಮಾಡೂಣು."

ಸ್ಪಷ್ಟವಾದ, ವಿಧೇಯವಾದ, ಅವಳದೇ ದನಿ. ಕಟ್ಟೀಮನಿಯವರ ಮುಖದ ಬಿಗು ಸಡಿಲಿತು. "ಛಲೋ ಆತು, ಛಲೋ ಆತು. ನಾ ಭಾಳ ಅಂಜಿದ್ದೆ." ಅವರು ಎದ್ದೇಬಿಟ್ಟರು. ನೀಲಾಂಬಿಕಾ ಕೈ ಅಡ್ಡ ಚಾಚಿದಳು. ಅವರು ಅದನ್ನು ಬೀಳ್ಕೊಡುಗೆಯೆಂದುಕೊಂಡು ಎರಡೂ ಕೈಯಲ್ಲಿ ಹಿಡಿದು ಕುಲುಕಿ, ಚಪ್ಪಲಿ ಮೆಟ್ಟಿ ಹೊರಟರು.

"ಎಷ್ಟ್ ಚಂದ ಮಾತಾಡಿದ್ಯಲ್ಲ ನೀಲಾ!" ಮೃತ್ಯುಂಜಯ ಬಾಗಿಲು ಹಾಕಿ ಬಂದ. "ನಾ ಅಂಜಿದ್ದೆ, ನೀ ಬ್ಯಾಸರ ಮಾಡ್ಕೋತೀ ಅಂತ..."

ಅವಳು ಸೆರಗಿನ ಡಬ್ಬಿಯನ್ನು ಕಿತ್ತಳು. ಸೀರೆ ಪರ್ರನೆ ಹರಿಯಿತು. ಡಬ್ಬಿ ಸೋಫಾದ ಕೆಳಗೆ ಉರುಳಿತು. ಎದೆ ಏರಿಳಿಯುತ್ತಿತ್ತು, ಮುಖ ಕೆಂಪಾಗಿತ್ತು, ಬಾಯಿ ತೆರೆದು ಮುಚ್ಚಿತು.

"ಏನಾತು? ತಲಿ ನೋವೇನು? ಬಿ.ಪಿ. ನೋಡ್ಲಿ? ಡಾಕ್ಟರಿಗೆ ಫೋನ್..."

ಅವಳು ಎಡಗೈಯಿಂದ ಅವನ ಬಾಯಿ ಮುಚ್ಚಿದಳು. ಮೂವತ್ತು ವರ್ಷದ ಸಂಸಾರದಲ್ಲಿ ಹಾಗೆ ಮಾಡಿದ್ದು ಅದೇ ಮೊದಲು. ಮುಚ್ಚಿಯೇ ಹಿಡಿದಳು. ಅವನ ಕಣ್ಣುಗಳು ದೊಡ್ಡವಾದವು. ಹೊರಗೆ ತರಕಾರಿ ಗಾಡಿಯವನು ಕೂಗುತ್ತ ದಾಟಿ ಹೋದ. ಅವಳ ತುಟಿ ಸೇರಿತು, ಬಿಚ್ಚಿತು, ಮತ್ತೆ ಸೇರಿತು.

"ಬ್... ಬ್ಯಾ... ಬ್ಯಾಡ."

ಲಕ್ವಾ ಆದ ಮೇಲೆ ಅವಳು ತಾನಾಗಿ, ಸರಿಯಾದ ಜಾಗದಲ್ಲಿ ಆಡಿದ ಮೊದಲ ಪದ. ಮೃತ್ಯುಂಜಯ ಅಲ್ಲೇ ಕೂತುಬಿಟ್ಟ. ಅದು ಯಾವುದಕ್ಕೆ ಬೇಡ ಎಂದದ್ದು ಎಂದು ಅವನು ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಫೋನೆತ್ತಿ ಕಟ್ಟೀಮನಿಯವರಿಗೆ ಆರ್ಡರ್ ತಡೆಯಬೇಕೆಂದು ಹೇಳಿದ.

ಮರುದಿನ ಪ್ರಯೋಗಾಲಯದಲ್ಲಿ ನೀಲಾಂಬಿಕಾ ಭಾನುವಾರದ ಗೆರೆಯನ್ನು ತೆರೆಸಿದಳು. ಕಟ್ಟೀಮನಿ ಬಂದ ಹೊತ್ತನ್ನು ತಾನೇ ಹುಡುಕಿ ದೊಡ್ಡದು ಮಾಡಿದಳು. ಗೆರೆ ಏರುತ್ತಿದೆ. ಅರ್ಧ ಏರಿದಾಗ ಮಾತುಗಾರ ನುಡಿದ ಗುರುತು. ಅಲ್ಲಿಂದಾಚೆ ಗೆರೆ ಕಡಿದ ಹಾಗೆ ಕೆಳಗೆ. ಅವಳು ಆ ಅಂಚಿನ ಮೇಲೆ ಉಗುರಿನಿಂದ ಎರಡು ಸಲ ಬಡಿದಳು.

ಫರ್ಹಾನಾ ಮೊದಲು ಒಪ್ಪಲಿಲ್ಲ. "ಒಂದ್ಸಲ ತಪ್ಪಾಗೈತಿ, ಖರೆ. ಆದ್ರ ಅಕ್ಕಾರ, ಉಳಿದದ್ದೆಲ್ಲಾ ಸರಿ ಹೇಳೈತಲ್ರೀ? ಇನ್ನೂ ಕಲಿಸಿದ್ರ ಇನ್ನೂ ಸರಿ ಹೇಳ್ತೈತಿ."

ನೀಲಾಂಬಿಕಾ ತಲೆ ಅಲ್ಲಾಡಿಸಿ, ಡಬ್ಬಿ ಬಂದ ಮೊದಲ ಸಂಜೆಗೆ ಹೋದಳು. "ಹೂಂ, ಬಡಸ್ರಿ" ಎಂದ ಕಡೆ. ಆ ಮಾತು ಸರಿಯಾಗಿಯೇ ಇತ್ತು. ಅಲ್ಲಿಯೂ ಗೆರೆ ಅರ್ಧ ಏರಿ ಬಿದ್ದಿತ್ತು. ಅದರ ಮರುದಿನ, ಅದರ ಮರುದಿನವೂ. ಮಾತುಗಾರ ಸರಿ ಹೇಳಿದರೂ ತಪ್ಪು ಹೇಳಿದರೂ ಗೆರೆಗೆ ಒಂದೇ ಆಗಿತ್ತು. ಯಾರೋ ಪೂರೈಸಿದರು ಎಂದಾದ ಕೂಡಲೇ ಮೆದುಳು ಹುಡುಕುವುದನ್ನು ನಿಲ್ಲಿಸುತ್ತಿತ್ತು.

ಫರ್ಹಾನಾ ಕುರ್ಚಿ ಎಳೆದುಕೊಂಡು ಹತ್ತಿರ ಕೂತಳು. ಅವಳ ಪ್ರಶ್ನೆಗಳೆಲ್ಲ ನಿಂತುಹೋಗಿದ್ದವು. ತಾನೇ ಇನ್ನೂ ಹಿಂದೆ ಹೋದಳು, ಡಬ್ಬಿ ಬರುವುದಕ್ಕಿಂತ ಮುಂಚಿನ ವಾರಗಳಿಗೆ. ಅಲ್ಲಿಯೂ ಅದೇ ಆಕಾರ, ದಿನಕ್ಕೆ ಹತ್ತಾರು. ಏರು, ಕಡಿತ. ಏರು, ಕಡಿತ.

"ಇಲ್ಲಿ ಡಬ್ಬಿ ಇರಲಿಲ್ಲಲ್ಲ," ಎಂದಳು ತನ್ನಷ್ಟಕ್ಕೆ. "ಇದನ್ಯಾರು ಕಡದ್ರು?"

ನೀಲಾಂಬಿಕಾ ಯಾರ ಕಡೆಗೂ ಬೆರಳು ಮಾಡಲಿಲ್ಲ. ಗೋಡೆಗೆ ಒರಗಿ ನಿಂತಿದ್ದ ಮೃತ್ಯುಂಜಯನೇ ಹೇಳಿದ: "ನಾ ರೀ."

ಫರ್ಹಾನಾ ತಿರುಗಿ ಅವನನ್ನು ನೋಡಿದಳು.

"ನಾ ಆಕೀಗೆ ಸಹಾಯ ಮಾಡಾಕತ್ತೀನಿ ಅಂತ ತಿಳ್ಕೊಂಡಿದ್ದೆ," ಎಂದ ಅವನು. ಸಭೆಗಳಲ್ಲಿ ಕೊನೆಯ ಸಾಲಿಗೂ ಕೇಳುತ್ತಿದ್ದ ದನಿ ಈಗ ಮೇಜಿನ ತನಕ ಬರಲಿಲ್ಲ. "ಆಕಿ ಒದ್ದಾಡೂದು ನೋಡಾಕ ಆಗ್ತಿದ್ದಿಲ್ಲ ನಂಗ. ಅಷ್ಟ. ಸ್ಟೋರ್ಸಿಗೆ ಹಾಕ್ರಿ ಅಂತ ಸಾಹೇಬ್ರಿಗೆ ಹೇಳಿದಾಂವಾನೂ ನಾನ. ಅಲ್ಲಿ ಫೋನ್ ಇರಂಗಿಲ್ಲ, ಯಾರೂ ನಗಂಗಿಲ್ಲ ಅಂತ."

ನೀಲಾಂಬಿಕಾ ಎದ್ದು ಹೋಗಿ ಅವನ ತೋಳು ಹಿಡಿದು ತಂದು ತನ್ನ ಪಕ್ಕದ ಕುರ್ಚಿಯಲ್ಲಿ ಕೂರಿಸಿದಳು. ಆಮೇಲೆ ಫರ್ಹಾನಾಳ ಪೆನ್ನು ತೆಗೆದುಕೊಂಡಳು. ಎಡಗೈಯಲ್ಲಿ ಸೊಟ್ಟಸೊಟ್ಟಗೆ ಒಂದು ಗೆರೆ ಬರೆದಳು: ಏರಿತು, ತುದಿ ಮುಟ್ಟಿತು, ತಾನಾಗಿ ಇಳಿಯತೊಡಗಿತು. ಇಳಿಯುವ ಜಾಗದಲ್ಲಿ ಪುಟ್ಟ ಬಾಣದ ಗುರುತು ಹಾಕಿ, ಜೊತೆಗೆ ತಂದಿದ್ದ ಡಬ್ಬಿಯನ್ನು ತೋರಿಸಿದಳು.

ಫರ್ಹಾನಾಗೆ ಅರ್ಥವಾಗಲು ಹೊತ್ತು ಹಿಡಿಯಲಿಲ್ಲ. "ಏರೂತನಾ ಬಾಯಿ ಮುಚ್ಕೊಂಡಿರ್ಬೇಕು. ನೀವ ಕೈ ಬಿಟ್ಟ ಮ್ಯಾಲೆ ಅಷ್ಟ... ಮತ್ತ ಪೂರಾ ಪದ ಅಲ್ಲ, ಅಲ್ರೀ? ಮೊದಲಿನ ಅಕ್ಷರ ಅಷ್ಟ. ಕಿವಿಯೊಳಗ. ನಿಮಗ ಮಾತ್ರ." ಅವಳು ಒಂದು ಉಸಿರು ಬಿಟ್ಟಳು. "ಸಭಾದಾಗ ತೋರಸಾಕ ಏನೂ ಉಳಿಯಂಗಿಲ್ಲ ಇನ್ನ. ಒಬ್ರು ಸುಮ್ಮ ಕೂತಿರ್ತಾರ, ಡಬ್ಬಿನೂ ಸುಮ್ಮ ಕೂತಿರ್ತೈತಿ." ಹಾಗೆಂದವಳು ಆಗಲೇ ಕೀಲಿಮಣೆ ಹತ್ತಿರಕ್ಕೆಳೆದುಕೊಂಡಿದ್ದಳು.

ಯಂತ್ರವನ್ನು ತಿದ್ದುವುದು ಸುಲಭವಾಯಿತು. ಮನುಷ್ಯನಿಗೆ ಹೆಚ್ಚು ಕಷ್ಟ. ಫರ್ಹಾನಾ ಮೃತ್ಯುಂಜಯನ ಫೋನಿಗೂ ಆ ಗೆರೆ ಬರುವಂತೆ ಮಾಡಿಕೊಟ್ಟಿದ್ದಳು. ಏರು ಕಂಡರೆ ತಡೆ, ಎಂದು. ಮೊದಮೊದಲು ಅವನು ಬಾಯಲ್ಲಿ ಅಡಿಕೆ ಹಾಕಿಕೊಂಡು ಕೂತ. ಆಮೇಲೆ ಗೋಡೆಯ ಕಡೆ ತಿರುಗಿ ನಿಲ್ಲುವುದನ್ನು ಕಲಿತ. ಅವಳು ಅಡುಗೆಮನೆಯ ಡಬ್ಬಿಗಳ ಮುಂದೆ ನಿಂತು "ಜ... ಸ..." ಎನ್ನುತ್ತಿದ್ದರೆ, ಅವನ ಕತ್ತಿನ ನರ ಉಬ್ಬುತ್ತಿತ್ತು. ಒಮ್ಮೆ ತಡೆಯಲಾರದೆ ಹಿತ್ತಲಿಗೆ ಹೋಗಿ ಪೇರಲ ಗಿಡದ ಮುಂದೆ "ಜೀರಗಿ! ಜೀರಗಿ!" ಎಂದು ಹೇಳಿಕೊಂಡು ಬಂದ. ಬರುವಷ್ಟರಲ್ಲಿ ಒಗ್ಗರಣೆ ಚಟಪಟ ಅನ್ನುತ್ತಿತ್ತು. ಅವಳು ಸೌಟು ಎತ್ತಿ ತೋರಿಸಿ "ಸಾಸ್ವಿ" ಎಂದಳು.

ದಿನಗಳು ಒಂದೇ ಸಮನೆ ಇರಲಿಲ್ಲ. ಬೆಳಿಗ್ಗೆ ಬಂದ ಪದ ಮಧ್ಯಾಹ್ನಕ್ಕೆ ಕಾಣೆ. ಸಿಟ್ಟು ಬಂದಾಗ ಬಂದದ್ದು ಸಮಾಧಾನದಲ್ಲಿ ಬಾರದು. ಒಂದು ವಾರವಿಡೀ ಗೆರೆ ಏರಲಿಲ್ಲ, ಅವಳು ಹಾಸಿಗೆ ಬಿಟ್ಟು ಏಳಲೂ ಇಲ್ಲ. ಡಾಕ್ಟರ್ ಹೆಬಸೂರ ಸ್ಟೆಂಟ್ ಪರೀಕ್ಷಿಸಿ, ದಾರಿ ಸ್ವಚ್ಛವಿದೆ, ಇದು ದಣಿವು, ಗುಳಿಗೆ ಮಾತ್ರ ತಪ್ಪಿಸಬೇಡಿ ಎಂದರು. ಆ ವಾರ ಮೃತ್ಯುಂಜಯ ಸುಮ್ಮನೆ ಪಕ್ಕದಲ್ಲಿ ಕೂತು ಬಟಾಣಿ ಸುಲಿದ. ಎಂಟನೆಯ ದಿನ ಅವಳೇ "ಏನರೆ... ಹೇಳ್ರಿ" ಎಂದಳು. ಅವನಿಗೆ ಆಗ ಹೇಳಲು ಏನೂ ತೋಚಲಿಲ್ಲ. ಇಬ್ಬರೂ ನಕ್ಕರು.

ಹಬ್ಬ ಕಳೆದ ಮೇಲೆ ಅವಳು ಆಫೀಸಿಗೆ ಹೋಗಬೇಕೆಂದಳು. ಕಟ್ಟೀಮನಿಯವರ ಕೋಣೆಯಲ್ಲಿ ಗಂಡ ಹೆಂಡತಿ ಅಕ್ಕಪಕ್ಕ ಕೂತರು. ಗಾಜಿನ ಗೋಡೆಯಾಚೆ ದೊಡ್ಡ ಪರದೆ, ಓಡುವ ಹಸಿರು ಗೆರೆ. ಅವಳು ಅದನ್ನೇ ನೋಡಿದಳು.

"ಹೇಳ್ರಿ ನೀಲಾಂಬಿಕಾ," ಎಂದರು ಕಟ್ಟೀಮನಿ. ಹೇಳಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಕಾದರು. ಹಾಗೆ ಕಾಯಬೇಕೆಂದು ಮೃತ್ಯುಂಜಯ ಮೊದಲೇ ಬೇಡಿಕೊಂಡಿದ್ದ.

"ನನಗ... ಫೋನ್... ಬ್ಯಾಡ."

"ಹೂಂ."

"ನಾ... ನಾಳೆ."

"ನಾಳೆಯಿಂದ ಬರ್ತೀರೇನು? ಬರ್ರಿ, ಅದಕ್ಕೇನಂತ..."

ಅವಳು ತಲೆ ಅಲ್ಲಾಡಿಸಿದಳು. ಮೃತ್ಯುಂಜಯನ ಮಡಿಲಲ್ಲಿದ್ದ ಫೋನಿನ ಮೇಲೆ ಗೆರೆ ಏರತೊಡಗಿತು. ಅವನಿಗೆ ಅವಳ ಮನಸ್ಸು ಗೊತ್ತು. ಹಳೆಯ ಕುರ್ಚಿಯೇ ಬೇಕು ಅವಳಿಗೆ. ಫೋನಿಗೆ ಬೇಕಾದರೆ ಒಬ್ಬ ಸಹಾಯಕ, ನಾಳೆಯೇ ಅದೇ ಪಾಳಿ, ಅದೇ ಜಾಗ. ಒಂದು ವಾಕ್ಯ ಸಾಕು. ಬಾಯ ತುದಿಗೆ ಬಂದು ನಿಂತಿತ್ತು. ಎರಡೂ ಕೈಯಿಂದ ಕುರ್ಚಿಯ ತೋಳು ಹಿಡಿದು, ಹಲ್ಲು ಕಚ್ಚಿ ಕೂತ. ಏ.ಸಿ. ಯಂತ್ರ ಗುಂಯ್ ಅನ್ನುತ್ತಿತ್ತು. ಗೆರೆ ಏರಿತು, ಇನ್ನೂ ಏರಿತು. ಕಟ್ಟೀಮನಿ ಒಮ್ಮೆ ಅವನ ಕಡೆ ಕಣ್ಣಿನಲ್ಲೇ ಸಹಾಯ ಕೇಳಿದರು. ಅವನು ಅವರ ಕಡೆ ನೋಡಲಿಲ್ಲ.

"ನಾಳಿನ," ಎಂದಳು ನೀಲಾಂಬಿಕಾ. ಮತ್ತೆ ಹುಡುಕಿದಳು. "ನಾಳಿನ... ಅಂದಾಜು. ಬೇಡಿಕಿ... ಅಂದಾಜು. ಬರದ್... ಕೊಡ್ತೀನಿ."

ಕಟ್ಟೀಮನಿ ಮೇಜಿನ ಮೇಲೆ ಅಂಗೈ ಬಡಿದರು. ಮರುದಿನ ಯಾವ ಹೊತ್ತಿಗೆ ಎಷ್ಟು ವಿದ್ಯುತ್ ಬೇಕಾದೀತೆಂದು ಮುಂಚೆಯೇ ಅಂದಾಜು ಬರೆದಿಡುವ ಮೇಜು. ಅದೇ ಕೊಠಡಿಯಲ್ಲಿ, ಅದೇ ಪರದೆಯ ಎದುರು. ಅದಕ್ಕೆ ಕಣ್ಣು ಬೇಕು, ಬಾಯಿ ಬೇಡ. "ಇದು ನಮ್ಮ ತಲಿಗೆ ಯಾಕ ಹೊಳೀಲಿಲ್ಲ ರೀ?" ಎಂದರು.

ಹೊರಗೆ ಬಂದು ಕಾರಿನಲ್ಲಿ ಕೂತ ಮೇಲೆ ಮೃತ್ಯುಂಜಯ ಸ್ಟಿಯರಿಂಗ್ ಹಿಡಿದುಕೊಂಡು ಹೇಳಿದ.

"ನೀಲಾ, ಒಂದು ಮಾತು. ನಾ ಅಲ್ಲೆ ಬಾಯಿ ಬಿಟ್ಟಿದ್ರ ತಪ್ಪು ಹೇಳಿ ಬಿಡ್ತಿದ್ದೆ. ನೀ ಹಳೇ ಪಾಳಿನ ಕೇಳ್ತೀ ಅಂತ ತಿಳ್ಕೊಂಡಿದ್ದೆ ನಾ. ನಿನ್ನ ಮನಸ್ಸು ನಂಗ ಪೂರಾ ಗೊತ್ತೈತಿ ಅಂತ..."

"ನಂಗ ಗೊತ್ತಿತ್ತು," ಎಂದಳು ನೀಲಾಂಬಿಕಾ, ಅವನ ಮಾತು ಮುಗಿಯುವ ಮುಂಚೆಯೇ.

ಅವನು ತಿರುಗಿ ನೋಡಿದ. ಅವಳೂ ತಾನು ಹೇಳಿದ್ದೇನೆಂದು ಆಗಷ್ಟೇ ಕೇಳಿಸಿಕೊಂಡವಳಂತೆ ಕೂತಿದ್ದಳು.

ಆ ವಾರ ಪ್ರಯೋಗಾಲಯದಲ್ಲಿ ಮೃತ್ಯುಂಜಯ ಇದನ್ನು ಫರ್ಹಾನಾಗೆ ವರ್ಣಿಸಿದ್ದೇ ವರ್ಣಿಸಿದ್ದು. ತಡೆಯಿಲ್ಲ, ತಡವರಿಕೆಯಿಲ್ಲ, ತನ್ನ ಮಾತನ್ನೇ ಅವಳು ಕಡಿದಳು, ಎಂದ. ಫರ್ಹಾನಾ ಉತ್ಸಾಹದಿಂದ ಆ ಹೊತ್ತಿನ ಗೆರೆ ತೆರೆದಳು. ಕಟ್ಟೀಮನಿಯವರ ಕೋಣೆಯ ದೊಡ್ಡ ಏರು ಬೆಟ್ಟದ ಹಾಗೆ ನಿಂತಿತ್ತು. ಅದರ ಮುಂದೆ ಕಾರಿನ ಹೊತ್ತು. ಅವಳು ದೊಡ್ಡದು ಮಾಡಿದಳು, ಇನ್ನೂ ದೊಡ್ಡದು ಮಾಡಿದಳು.

"ಇಲ್ಲೇನೂ ಇಲ್ಲಲ್ರೀ. ಪೂರಾ ಸಪಾಟ ಐತಿ. ಪಟ್ಟಿ ಸಡ್ಲಾಗಿತ್ತೇನು? ಖರೇನ ಅಂದ್ರೇನ್ರೀ ಅಕ್ಕಾರು?"

ನೀಲಾಂಬಿಕಾ ಮುಂದಕ್ಕೆ ಬಾಗಿ ನೋಡಿದಳು. ಗೆರೆ ಒಂದು ಕೂದಲಿನಷ್ಟೂ ಅಲುಗಿರಲಿಲ್ಲ. ಹುಡುಕದೆ ಸಿಕ್ಕ ಪದಕ್ಕೆ ಹೆಚ್ಚಿನ ರಕ್ತ ಯಾಕೆ ಬೇಕು?

ಅವಳು ಫರ್ಹಾನಾಳ ಕಡೆ ನೋಡಿ ಮುಗುಳ್ನಕ್ಕು ಕಾದಳು. ಮೃತ್ಯುಂಜಯ ಏನೋ ಹೇಳಲು ಹೊರಟವನು ತಾನಾಗಿಯೇ ತಡೆದುಕೊಂಡ. ಫರ್ಹಾನಾ ಆ ಸಪಾಟು ಗೆರೆಯನ್ನೇ ನೋಡುತ್ತ ಪೆನ್ನಿನ ತುದಿ ಕಚ್ಚಿದಳು.

"ಓಹೋ," ಎಂದಳು ಕೊನೆಗೆ, ಬಹಳ ಮೆಲ್ಲಗೆ. ಮತ್ತೆ ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡು, ಆ ದಿನದ ಗೆರೆಯನ್ನು ಮೊದಲಿನಿಂದ ನೋಡತೊಡಗಿದಳು. ಈ ಸಲ ಏರುಗಳನ್ನೆಲ್ಲ ಬಿಟ್ಟು, ಸಪಾಟಾದ ಜಾಗಗಳನ್ನು.